ಹಕ್ಕಿಗೊಂದು ಬಾಗಿಲು: ಬಿ.ಎನ್. ರಾವ್ ನೆನಪು



ಸಿದ್ಧಕಟ್ಟೆಯ ಧಮ್ಮ ಬಂಧುಗಳೇ, ಇಂದಿನ ಚಿಂತನೆಯಲ್ಲಿ ನಮ್ಮ ಜಿಲ್ಲೆಯವರೇ ಆದ ಒಬ್ಬರನ್ನು ನೆನೆಯೋಣ.

ಬೆನಗಲ್ ನರಸಿಂಗ ರಾವ್ ಹುಟ್ಟಿದ್ದು 1887ರ ಫೆಬ್ರವರಿ 26ರಂದು, ಮಂಗಳೂರಿನಲ್ಲಿ. ಮಂಗಳೂರು, ಮದ್ರಾಸು, ಕೇಂಬ್ರಿಜ್‌ಗಳಲ್ಲಿ ಓದಿ ಐಸಿಎಸ್ ಅಧಿಕಾರಿಯಾದರು. ಮುಂದೆ ಕಲ್ಕತ್ತಾ ಹೈಕೋರ್ಟಿನ ನ್ಯಾಯಾಧೀಶರಾದರು. 1946ರಲ್ಲಿ ಸಂವಿಧಾನ ಸಭೆಯ ಸಲಹೆಗಾರರಾಗಿ, ಹಲವು ದೇಶಗಳ ಸಂವಿಧಾನಗಳನ್ನು ಓದಿ, 1947ರ ಅಕ್ಟೋಬರಿನಲ್ಲಿ ಮೊದಲ ಕರಡು ಸಿದ್ಧಪಡಿಸಿದರು. ಕೋರ್ಟಿಗೆ ಹೋಗಿ ಪಡೆಯಬಹುದಾದ ಹಕ್ಕುಗಳು ಬೇರೆ, ಸರ್ಕಾರಕ್ಕೆ ದಾರಿ ತೋರುವ ತತ್ವಗಳು ಬೇರೆ ಎಂದು ಐರ್ಲೆಂಡಿನ ಮಾದರಿಯಲ್ಲಿ ವಿಂಗಡಿಸಲು ಸಲಹೆ ಕೊಟ್ಟವರು ಅವರೇ.

ಆ ಕರಡನ್ನು ಬಾಬಾಸಾಹೇಬರ ಅಧ್ಯಕ್ಷತೆಯ ಸಮಿತಿ ಪರಿಶೀಲಿಸಿ, ತಿದ್ದಿ, ಹೊಸದಾಗಿ ರೂಪಿಸಿತು. ಅದನ್ನು ಸಭೆಯ ಮುಂದಿಟ್ಟು, ಪ್ರಶ್ನೆಗಳಿಗೆ ಉತ್ತರ ಕೊಟ್ಟು, ಗೆಲ್ಲಿಸಿದವರು ಬಾಬಾಸಾಹೇಬರು. 1948ರ ನವೆಂಬರ್ 29ರಂದು ಅಸ್ಪೃಶ್ಯತೆ ರದ್ದುಪಡಿಸುವ ವಿಧಿಗೆ ಸಭೆ ಒಪ್ಪಿಗೆ ಕೊಟ್ಟಿತು. ಡಿಸೆಂಬರ್ 9ರಂದು ಇಂದಿನ 32ನೇ ವಿಧಿಯ ಚರ್ಚೆ ನಡೆಯಿತು. ಹಕ್ಕಿಗೆ ಭಂಗ ಬಂದರೆ ನೇರವಾಗಿ ಸುಪ್ರೀಂ ಕೋರ್ಟಿಗೆ ಹೋಗಬಹುದು ಎನ್ನುವ ಈ ವಿಧಿಯೇ ಸಂವಿಧಾನದ ಜೀವಾಳವೆಂದು ಬಾಬಾಸಾಹೇಬರು ತಿಳಿದಿದ್ದರು.

ಮರುದಿನವೇ, ಡಿಸೆಂಬರ್ 10ರಂದು, ಪ್ಯಾರಿಸ್‌ನಲ್ಲಿ ವಿಶ್ವಸಂಸ್ಥೆ ಮಾನವ ಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಜಗತ್ತಿಗೆ ಅದು ದೊಡ್ಡ ಮಾತು. ಆದರೆ ಆ ಘೋಷಣೆ ಹಿಡಿದು ನೊಂದವರು ತಟ್ಟಬಹುದಾದ ಕೋರ್ಟಿನ ಬಾಗಿಲು ಅದರಲ್ಲಿರಲಿಲ್ಲ. ಅದನ್ನು ಆಧರಿಸಿದ ಎರಡು ಒಪ್ಪಂದಗಳು ಜಾರಿಗೆ ಬಂದದ್ದು 1976ರಲ್ಲಿ.

ರಾವ್ ಮುಂದೆ ವಿಶ್ವಸಂಸ್ಥೆಯಲ್ಲಿ ಭಾರತದ ಪ್ರತಿನಿಧಿಯಾದರು. 1952ರಲ್ಲಿ ಹೇಗ್‌ನ ಅಂತಾರಾಷ್ಟ್ರೀಯ ನ್ಯಾಯಾಲಯದ ನ್ಯಾಯಾಧೀಶರಾದರು. ಅಲ್ಲಿ ದಾವೆ ಹೂಡಲು ದೇಶಗಳಿಗೆ ಮಾತ್ರ ಅವಕಾಶ, ಒಬ್ಬ ಬಡವ ಹೋಗಲಾರ. ನಮ್ಮ 32ನೇ ವಿಧಿಯ ಬೆಲೆ ಇದರಿಂದಲೇ ತಿಳಿಯುತ್ತದೆ. 1953ರ ನವೆಂಬರ್ 30ರಂದು ರಾವ್ ಜೂರಿಕ್‌ನಲ್ಲಿ ತೀರಿಕೊಂಡರು.

ರಾವ್ ಹೆಸರು ಹೇಳಿ ಬಾಬಾಸಾಹೇಬರನ್ನು ಸಣ್ಣವರನ್ನಾಗಿ ಮಾಡಲು ಹೊರಟವರು ಇಂದು ಇದ್ದಾರೆ. ನಾವು ಅದಕ್ಕೆ ಸಿಟ್ಟಾಗಿ ರಾವ್ ಅವರನ್ನು ಹಳಿಯಬೇಕಿಲ್ಲ. 1949ರ ನವೆಂಬರ್ 25ರಂದು ಬಾಬಾಸಾಹೇಬರೇ ತುಂಬಿದ ಸಭೆಯಲ್ಲಿ ಶ್ರೇಯಸ್ಸಿನ ಒಂದು ಪಾಲನ್ನು ರಾವ್ ಅವರಿಗೆ ಕೊಟ್ಟಿದ್ದರು. ಮಂಗಲ ಸುತ್ತದಲ್ಲಿ ಎಣಿಸಿದ ಮಂಗಲಗಳಲ್ಲಿ ಕೃತಜ್ಞತೆಯೂ ಒಂದು. ಬಾಬಾಸಾಹೇಬರು ಅದನ್ನು ನಡೆದು ತೋರಿಸಿದರು.

ಇಂದು ರಾತ್ರಿ ಊಟದ ನಂತರ 17 ಮತ್ತು 32ನೇ ವಿಧಿಗಳನ್ನು ಮನೆಯ ಮಕ್ಕಳಿಂದ ಓದಿಸೋಣ. ಬಾಗಿಲು ಎಲ್ಲಿದೆ ಎಂದು ಅವರಿಗೆ ಗೊತ್ತಿರಲಿ.

ಭವತು ಸಬ್ಬ ಮಂಗಲಂ 🙏