ಅಂತರಂಗದ ಸಾಧಕ ಸ್ಟಾನಿಸ್ಲಾವ್‌ಸ್ಕಿ

ನಟನೆ ಎಂದರೆ ಬೇರೊಬ್ಬರಂತೆ ತೋರುವುದು ಎಂಬುದು ಲೋಕದ ಸಾಮಾನ್ಯ ತಿಳಿವಳಿಕೆ. ಆದರೆ ಬೇರೊಬ್ಬರ ಪಾತ್ರವನ್ನು ವಹಿಸುವವನು ಮೊದಲು ತನ್ನನ್ನು ತಾನು ಅರಿಯಬೇಕೆಂದು ನಂಬಿ, ಆ ಅರಿವಿಗಾಗಿ ಬಾಳನ್ನೇ ಸವೆಸಿದವರು ರಷ್ಯಾದ ನಟ ಹಾಗೂ ನಿರ್ದೇಶಕ ಕಾನ್‌ಸ್ಟಂಟೀನ್ ಸ್ಟಾನಿಸ್ಲಾವ್‌ಸ್ಕಿ.

1863ರಲ್ಲಿ ಮಾಸ್ಕೋ ನಗರದ ಸಿರಿವಂತ ಮನೆತನವೊಂದರಲ್ಲಿ ಜನಿಸಿದ ಅವರ ಮೂಲ ಹೆಸರು ಅಲೆಕ್ಸೆಯೆವ್. ಮನೆತನಕ್ಕೆ ಚಿನ್ನ-ಬೆಳ್ಳಿಯ ಜರಿನೂಲು ತಯಾರಿಸುವ ಕಾರ್ಖಾನೆಯಿತ್ತು. ಅಂಥ ಮನೆತನದವರು ನಟರಾಗುವುದು ಗೌರವದ ಮಾತಾಗಿರಲಿಲ್ಲ. ಆದ್ದರಿಂದ ಸ್ಟಾನಿಸ್ಲಾವ್‌ಸ್ಕಿ ಎಂಬ ಹೆಸರಿನ ಮರೆಯಲ್ಲಿ ಅವರು ರಂಗವೇರಿದರು. 1898ರಲ್ಲಿ ನೆಮಿರೋವಿಚ್-ದಾನ್‌ಚೆಂಕೊ ಅವರೊಡಗೂಡಿ ಮಾಸ್ಕೋ ಆರ್ಟ್ ಥಿಯೇಟರನ್ನು ಸ್ಥಾಪಿಸಿದರು. ಚೆಕಾಫ್‌ರ ನಾಟಕಗಳ ಪ್ರಯೋಗದಿಂದ ಅದರ ಕೀರ್ತಿ ಹಬ್ಬಿತು.

ಕೀರ್ತಿ ಏರುತ್ತಿದ್ದ ಕಾಲದಲ್ಲಿಯೇ ಅವರ ಅಂತರಂಗ ಬರಿದಾಗತೊಡಗಿತ್ತು. 1906ರಲ್ಲಿ ಯುರೋಪಿನ ಪ್ರವಾಸ ಮುಗಿಸಿ ಫಿನ್ಲೆಂಡಿನಲ್ಲಿ ವಿಶ್ರಮಿಸುತ್ತಿದ್ದಾಗ ಅವರು ತಮ್ಮ ನಟನೆಯನ್ನು ತಾವೇ ಪರೀಕ್ಷಿಸಿಕೊಂಡರು. ಇಬ್ಸೆನ್‌ನ ನಾಟಕದ ಡಾಕ್ಟರ್ ಸ್ಟಾಕ್‌ಮನ್ ಅವರಿಗೆ ಅತ್ಯಂತ ಪ್ರಿಯವಾದ ಪಾತ್ರ. ಮೊದಲು ಒಳಗಿನ ಭಾವದಿಂದ ತಾನಾಗಿ ಹುಟ್ಟಿದ್ದ ಅದರ ನಡೆ-ನುಡಿ, ಹಾವಭಾವಗಳು ಈಗ ರೂಢಿಯ ಬಲದಿಂದ ಹೊರಗೆ ಮಾತ್ರ ಉಳಿದಿದ್ದವು. ಚಪ್ಪಾಳೆ ನಿಂತಿರಲಿಲ್ಲ, ಆದರೆ ಭಾವ ಬತ್ತಿತ್ತು. ಈ ಕೊರತೆಯನ್ನು ನೋಡುಗರಾರೂ ಅವರಿಗೆ ತೋರಿಸಿಕೊಡಲಿಲ್ಲ. ಅದನ್ನು ಕಂಡುಕೊಂಡವರು ಅವರೇ.

ಬತ್ತಿದ ಭಾವವನ್ನು ಮತ್ತೆ ಚಿಮ್ಮಿಸುವ ದಾರಿಯನ್ನರಸುತ್ತಿದ್ದ ಅವರಿಗೆ 1911ರಲ್ಲಿ ಯೋಗದ ಪರಿಚಯವಾಯಿತು. ರಾಮಚರಕ ಎಂಬ ಹೆಸರಿನಲ್ಲಿ ಪ್ರಕಟವಾಗಿದ್ದ ಗ್ರಂಥಗಳನ್ನು ಅವರು ಓದಿದರು. ಅವುಗಳನ್ನು ಬರೆದವರು ಅಮೆರಿಕದ ವಿಲಿಯಂ ಆಟ್ಕಿನ್ಸನ್ ಎಂದು ತಿಳಿಯಲಾಗಿದೆ. ಹೀಗೆ ಭಾರತದ ಅರಿವು ಸುತ್ತುದಾರಿ ಹಿಡಿದು ಮಾಸ್ಕೋವನ್ನು ತಲಪಿತು. 1912ರಲ್ಲಿ ಆರಂಭವಾದ ಫಸ್ಟ್ ಸ್ಟುಡಿಯೋದಲ್ಲಿ, ಸುಲೆರ್‌ಜಿಟ್‌ಸ್ಕಿಯವರ ನೇತೃತ್ವದಲ್ಲಿ, ಯುವನಟರು ಈ ಅಭ್ಯಾಸಗಳಲ್ಲಿ ತೊಡಗಿದರು. ಮೈಯ ಬಿಗಿತವನ್ನು ಸಡಿಲಿಸುವುದು, ಚಿತ್ತವನ್ನು ಒಂದೇ ವಸ್ತುವಿನಲ್ಲಿ ನೆಲೆಗೊಳಿಸುವುದು, ಪ್ರಾಣಶಕ್ತಿಯು ದೇಹದಲ್ಲಿ ಹರಿದು ಎದುರಿನ ನಟನನ್ನು ಮುಟ್ಟುವುದೆಂದು ಭಾವಿಸುವುದು ಅವುಗಳಲ್ಲಿ ಮುಖ್ಯವಾದವು. ಭಾವಕ್ಕೆ ಅಪ್ಪಣೆ ಮಾಡಿ ಕರೆಯಲಾಗದು, ಅದು ಬರುವಂತೆ ದೇಹವನ್ನೂ ಮನಸ್ಸನ್ನೂ ಹದಗೊಳಿಸಬಹುದು ಎಂಬುದು ಅವರು ಕಂಡುಕೊಂಡ ಸತ್ಯ.

1917ರ ಕ್ರಾಂತಿಯಲ್ಲಿ ಮನೆತನದ ಸಂಪತ್ತು ಹೋಯಿತು. ಭೌತವಾದವನ್ನೇ ಪ್ರಮಾಣವೆಂದು ಸಾರಿದ ಹೊಸ ಆಡಳಿತದಲ್ಲಿ ಯೋಗ, ಪ್ರಾಣ ಎಂಬ ಮಾತುಗಳಿಗೆ ಎಡೆ ಇರಲಿಲ್ಲ. ಅಚ್ಚಿಗೆ ಹೋದ ಬರಹದಿಂದ ಅವು ಮರೆಯಾದವು. ಆದರೆ ಅಭ್ಯಾಸಗಳು ಬೇರೆ ಹೆಸರುಗಳಲ್ಲಿ ಉಳಿದುಕೊಂಡವು. 1928ರಲ್ಲಿ ಸಂಸ್ಥೆಯ ಮೂವತ್ತನೆಯ ವರ್ಷದ ಉತ್ಸವದಂದು ರಂಗದ ಮೇಲಿದ್ದಾಗಲೇ ಅವರಿಗೆ ಹೃದಯಾಘಾತವಾಯಿತು. ತಮ್ಮ ದೃಶ್ಯವನ್ನು ಪೂರ್ಣಗೊಳಿಸಿದ ಬಳಿಕವೇ ಅವರು ಕುಸಿದರು. ಮತ್ತೆಂದೂ ನಟಿಸಲಾಗಲಿಲ್ಲ. ಉಳಿದ ಹತ್ತು ವರ್ಷಗಳನ್ನು ಬೋಧನೆಗೂ ಬರವಣಿಗೆಗೂ ಮುಡಿಪಾಗಿಟ್ಟು, 1938ರ ಆಗಸ್ಟ್ 7ರಂದು ಕೊನೆಯುಸಿರೆಳೆದರು. ಅದೇ ವರ್ಷ ರಷ್ಯನ್ ಭಾಷೆಯಲ್ಲಿ ಹೊರಬಂದ ಅವರ ಮಹಾಗ್ರಂಥದ ಹೆಸರಿನ ಅರ್ಥ, ನಟನು ತನ್ನ ಮೇಲೆ ತಾನು ನಡೆಸುವ ಕೆಲಸ ಎಂದು.

ನಿತ್ಯವೂ ಮಾಡುವ ಕೆಲಸದಲ್ಲಿ ಕೈ ಪಳಗುತ್ತ ಹೋದಂತೆ ಮನಸ್ಸು ಅಲ್ಲಿಂದ ಜಾರುವುದು ನಟರಿಗೆ ಮಾತ್ರ ಒದಗುವ ಸಂಕಟವಲ್ಲ. ಜನರ ಮೆಚ್ಚುಗೆ ಇರುವಾಗಲೂ ತನ್ನೊಳಗನ್ನು ತಾನು ನೋಡಿಕೊಂಡು, ನಲವತ್ತು ದಾಟಿದ ಮೇಲೆ ಮತ್ತೆ ಮೊದಲಿನಿಂದ ಕಲಿಯತೊಡಗಿದ ಈ ಹಿರಿಯರ ಬಾಳು ನಮ್ಮೆಲ್ಲರ ಆತ್ಮಾವಲೋಕನಕ್ಕೂ ಪ್ರೇರಣೆಯಾಗಬಲ್ಲದು.