ಜಾರ್ಜ್ ಗ್ಯಾಲಪ್

ಜನಾಭಿಪ್ರಾಯವನ್ನು ಅಳೆಯುವ ಕಾರ್ಯಕ್ಕೆ ಶಾಸ್ತ್ರದ ರೂಪ ಕೊಟ್ಟವರಲ್ಲಿ ಜಾರ್ಜ್ ಗ್ಯಾಲಪ್ ಪ್ರಮುಖರು. ಅವರು 1901ರಲ್ಲಿ ಅಮೆರಿಕದ ಅಯೋವ ಸಂಸ್ಥಾನದ ಜೆಫರ್ಸನ್ ಎಂಬ ಊರಿನಲ್ಲಿ ಜನಿಸಿದರು. 1935ರಲ್ಲಿ ಇದಕ್ಕೆಂದೇ ಒಂದು ಸಂಸ್ಥೆಯನ್ನು ಕಟ್ಟಿದರು.

1936ರ ಅಧ್ಯಕ್ಷ ಚುನಾವಣೆಯಲ್ಲಿ ‘ಲಿಟರರಿ ಡೈಜೆಸ್ಟ್’ ಪತ್ರಿಕೆಯು 20 ಲಕ್ಷಕ್ಕೂ ಮಿಕ್ಕಿದ ಉತ್ತರಗಳನ್ನೆಣಿಸಿ ಲ್ಯಾಂಡನ್ ಗೆಲ್ಲುವರೆಂದಿತು. ಅದು ಕೇಳಿದ್ದು ಹೆಚ್ಚಾಗಿ ಟೆಲಿಫೋನು, ಮೋಟಾರು ಉಳ್ಳವರನ್ನು. ಗ್ಯಾಲಪ್ ಬಹು ಕಡಿಮೆ ಜನರನ್ನು, ಆದರೆ ಎಲ್ಲ ವರ್ಗದವರನ್ನೂ ಕೇಳಿಸಿ ರೂಸ್‌ವೆಲ್ಟರೆಂದರು, ಹಾಗೆಯೇ ಆಯಿತು. ರೋಣದ ಸಂತೆಯಲ್ಲಿ ಜೋಳ ಕೊಳ್ಳುವ ಜಾಣನೂ ಚೀಲದ ಮೇಲಿನ ಹಿಡಿಯನ್ನಷ್ಟೇ ನಂಬುವುದಿಲ್ಲ.

1948ರಲ್ಲಿ ಡ್ಯೂಯಿ ಗೆಲ್ಲುವರೆಂದು ಹೇಳಿ ಎಡವಿದರು, ಗೆದ್ದವರು ಟ್ರೂಮನ್. ಕೊನೆಯ ದಿನಗಳಲ್ಲಿ ಜನರನ್ನು ಕೇಳದೆ ಬಿಟ್ಟದ್ದು ಒಂದು ಕಾರಣ. ಅವರು ಎದೆಗುಂದದೆ ವಿಧಾನವನ್ನು ತಿದ್ದಿಕೊಂಡು, 1984ರಲ್ಲಿ ಕಾಲವಾದರು.

ಯಾವ ಪಟ್ಟಿಯಲ್ಲಿಯೂ ಹೆಸರಿಲ್ಲದ ಬಡವನನ್ನು ಕೇಳದಿದ್ದರೆ ದೇಶದ ಲೆಕ್ಕವೇ ತಪ್ಪುತ್ತದೆಂಬುದು ಅವರ ಬಾಳಿನ ಪಾಠ.