ಎಡ್ವರ್ಡ್ ಗಿಬ್ಬನ್: ರೋಮಿನ ವಿದ್ಯಾರ್ಥಿ, ರೋಮಿನ ಚರಿತ್ರಕಾರ

ಪ್ರಾಚೀನ ರೋಮಿನ ಆಡಳಿತವನ್ನೂ ಅದರ ಸಾಮ್ರಾಜ್ಯದ ಅವನತಿಯನ್ನೂ ಕುರಿತು ಬರೆದ ವಿದ್ವಾಂಸರು ಅನೇಕರಿದ್ದಾರೆ. ಅವರಲ್ಲಿ ಎಡ್ವರ್ಡ್ ಗಿಬ್ಬನ್‌ನಷ್ಟು ದೀರ್ಘಕಾಲ ಓದುಗರನ್ನು ಉಳಿಸಿಕೊಂಡವರು ವಿರಳ. ರೋಮನ್ ಸಾಮ್ರಾಜ್ಯದ ಅವನತಿ ಮತ್ತು ಪತನವನ್ನು ಕುರಿತ ಅವನ ಗ್ರಂಥ 1776ರಿಂದ 1788ರವರೆಗೆ ಆರು ಸಂಪುಟಗಳಲ್ಲಿ ಪ್ರಕಟವಾಯಿತು. ಅದರ ಎಪ್ಪತ್ತೊಂದು ಅಧ್ಯಾಯಗಳು ಆಂಟೊನೈನ್ ಚಕ್ರವರ್ತಿಗಳ ಕಾಲದಿಂದ ತೊಡಗಿ 1453ರಲ್ಲಿ ಕಾನ್ಸ್ಟಾಂಟಿನೋಪಲ್ ತುರ್ಕರ ವಶವಾದುದರ ಆಚೆಗೂ ಸಾಗುತ್ತವೆ. ಇಂಥ ಕೃತಿಯನ್ನು ರಚಿಸಿದವನು ಯಾವ ವಿಶ್ವವಿದ್ಯಾಲಯದ ಪದವಿಯನ್ನೂ ಪಡೆದವನಲ್ಲ. ಯಾವ ವಿಶ್ವವಿದ್ಯಾಲಯದಲ್ಲಿಯೂ ಪಾಠ ಹೇಳಿದವನಲ್ಲ. ಅವನು ಬಾಳಿನುದ್ದಕ್ಕೂ ವಿದ್ಯಾರ್ಥಿಯಾಗಿಯೇ ಇದ್ದವನು. ಅವನು ಕಲಿತದ್ದೇನು, ಕಲಿತದ್ದಕ್ಕೂ ಬಾಳಿದ್ದಕ್ಕೂ ಇದ್ದ ಸಂಬಂಧವೇನು ಎಂಬ ದೃಷ್ಟಿಯಿಂದ ಅವನ ಜೀವನವನ್ನು ಪರಿಶೀಲಿಸುವುದು ಉಚಿತ.

ಗಿಬ್ಬನ್ 1737ರಲ್ಲಿ ಲಂಡನ್ನಿನ ಸಮೀಪದ ಪಟ್ನಿಯಲ್ಲಿ ಜನಿಸಿದನು. ಅವನ ತಾತ ಸೌತ್ ಸೀ ಕಂಪನಿಯ ನಿರ್ದೇಶಕರಲ್ಲಿ ಒಬ್ಬನಾಗಿದ್ದನು. 1720ರಲ್ಲಿ ಆ ಕಂಪನಿ ಕುಸಿದಾಗ ಪಾರ್ಲಿಮೆಂಟು ನಿರ್ದೇಶಕರ ಆಸ್ತಿಯನ್ನು ಮುಟ್ಟುಗೋಲು ಹಾಕಿಕೊಂಡಿತು. ಲಕ್ಷ ಪೌಂಡಿಗೂ ಮಿಕ್ಕ ಆಸ್ತಿಯಲ್ಲಿ ತಾತನಿಗೆ ಉಳಿದದ್ದು ಹತ್ತು ಸಾವಿರ ಪೌಂಡು ಮಾತ್ರ. ಅವನು ಮತ್ತೆ ಸಂಪತ್ತನ್ನು ಗಳಿಸಿದನಾದರೂ, ವಿಚಾರಣೆಯ ಮರ್ಯಾದೆಗಳನ್ನು ಮೀರಿ ಶಾಸನಸಭೆಯೊಂದು ದಂಡಿಸಬಲ್ಲದು ಎಂಬ ನೆನಪು ಆ ಮನೆತನದಲ್ಲಿ ಉಳಿಯಿತು. ಗಿಬ್ಬನ್ ತನ್ನ ಆತ್ಮಕಥನದಲ್ಲಿ ಈ ಅನ್ಯಾಯವನ್ನು ವಿವರವಾಗಿ ಚರ್ಚಿಸಿರುವುದು ಗಮನಾರ್ಹ.

ಅವನ ಒಡಹುಟ್ಟಿದ ಆರು ಮಕ್ಕಳೂ ಎಳವೆಯಲ್ಲಿಯೇ ತೀರಿಕೊಂಡರು. ಅವನು ಹತ್ತು ವರ್ಷದವನಾಗುವ ಹೊತ್ತಿಗೆ ತಾಯಿಯೂ ಇರಲಿಲ್ಲ. ಸದಾ ಕಾಯಿಲೆ ಬೀಳುತ್ತಿದ್ದ ಹುಡುಗನನ್ನು ತಾಯಿಯ ಅಕ್ಕ ಕ್ಯಾಥರೀನ್ ಪೋರ್ಟನ್ ಸಾಕಿದಳು. ಓದಿನ ರುಚಿಯನ್ನು ಹತ್ತಿಸಿದವಳೂ ಅವಳೇ. ಅನಾರೋಗ್ಯದಿಂದ ಶಾಲೆ ಮೇಲಿಂದ ಮೇಲೆ ತಪ್ಪುತ್ತಿದ್ದುದರಿಂದ ಅವನ ಓದು ಯಾವ ಕಟ್ಟುಪಾಡಿಗೂ ಒಳಗಾಗದೆ ಬೆಳೆಯಿತು. 1751ರ ಬೇಸಿಗೆಯಲ್ಲಿ ತಂದೆಯೊಡನೆ ವಿಲ್ಟ್‌ಶೈರಿನ ಸ್ಟೌರ್‌ಹೆಡ್ ಎಂಬ ಬಂಗಲೆಗೆ ಹೋಗಿದ್ದಾಗ, ಅಲ್ಲಿಯ ಪುಸ್ತಕಾಲಯದಲ್ಲಿ ಲಾರೆನ್ಸ್ ಎಕಾರ್ಡ್‌ನ ರೋಮನ್ ಚರಿತ್ರೆಯ ಮುಂದುವರಿಕೆಯ ಸಂಪುಟ ಅವನ ಕೈಗೆ ಸಿಕ್ಕಿತು. ಗಾಥರು ಡ್ಯಾನ್ಯೂಬ್ ನದಿಯನ್ನು ದಾಟುವ ಪ್ರಸಂಗದಲ್ಲಿ ಅವನು ಮುಳುಗಿದ್ದಾಗ ಊಟದ ಗಂಟೆ ಬಾರಿಸಿತು; ಒಲ್ಲದ ಮನಸ್ಸಿನಿಂದ ಏಳಬೇಕಾಯಿತು. ಆಗ ಅವನಿಗೆ ಹದಿನಾಲ್ಕು ವರ್ಷ. ಮೂವತ್ತು ವರ್ಷಗಳ ತರುವಾಯ ಅದೇ ನದಿಯನ್ನು ಅದೇ ಗಾಥರು ದಾಟುವುದನ್ನು ಅವನೇ ಬರೆದು ಪ್ರಕಟಿಸಿದನು.

1752ರಲ್ಲಿ ಅವನು ಆಕ್ಸ್‌ಫರ್ಡಿನ ಮ್ಯಾಗ್ಡಲೆನ್ ಕಾಲೇಜನ್ನು ಸೇರಿದನು. ಅಲ್ಲಿ ಕಳೆದ ಹದಿನಾಲ್ಕು ತಿಂಗಳುಗಳನ್ನು ಬದುಕಿನ ಅತ್ಯಂತ ವ್ಯರ್ಥ ಕಾಲವೆಂದು ಅವನು ಮುಂದೆ ಪರಿಗಣಿಸಿದನು. ಕೇಳುವವರಿಲ್ಲದ ವಿದ್ಯಾರ್ಥಿ ದೈವಶಾಸ್ತ್ರದ ವಾದಗಳನ್ನು ತಾನೇ ಓದಿ, 1753ರ ಜೂನಿನಲ್ಲಿ ಕ್ಯಾಥೊಲಿಕ್ ಮತವನ್ನು ಸ್ವೀಕರಿಸಿದನು. ಅಂದಿನ ಇಂಗ್ಲೆಂಡಿನಲ್ಲಿ ಹಾಗೆ ಮಾಡಿದವನಿಗೆ ವಿಶ್ವವಿದ್ಯಾಲಯದ ಬಾಗಿಲೂ ಸಾರ್ವಜನಿಕ ಹುದ್ದೆಗಳ ಬಾಗಿಲೂ ಮುಚ್ಚುತ್ತಿದ್ದವು. ಕುಪಿತನಾದ ತಂದೆ ಮಗನನ್ನು ಸ್ವಿಟ್ಸರ್ಲೆಂಡಿನ ಲೊಸಾನ್ ನಗರಕ್ಕೆ, ಪವಿಯಾರ್ ಎಂಬ ಕ್ಯಾಲ್ವಿನ್ ಪಂಥದ ಪಾದ್ರಿಯ ಮನೆಗೆ ಕಳುಹಿಸಿದನು. 1754ರ ಕ್ರಿಸ್ಮಸ್ ದಿನ ಗಿಬ್ಬನ್ ಪ್ರಾಟೆಸ್ಟೆಂಟ್ ಮತಕ್ಕೆ ಮರಳಿದನು. ಮತಗಳ ಪರಿವರ್ತನೆಯನ್ನು ಒಳಗಿನಿಂದ ಎರಡು ಬಾರಿ ಅನುಭವಿಸಿದವನು ಆಮೇಲೆ ಅದನ್ನು ಹೊರಗಿನಿಂದ, ತಣ್ಣನೆಯ ಕುತೂಹಲದಿಂದ ನೋಡುವವನಾದನು.

ಲೊಸಾನಿನ ಐದು ವರ್ಷಗಳೇ ಅವನ ನಿಜವಾದ ವಿಶ್ವವಿದ್ಯಾಲಯ. ಅಲ್ಲಿ ಅವನು ಅನುಸರಿಸಿದ ಒಂದು ಕ್ರಮ ಭಾಷಾ ವಿದ್ಯಾರ್ಥಿಗಳಿಗೆ ಇಂದಿಗೂ ಉಪಯುಕ್ತ. ಸಿಸೆರೋನ ಪತ್ರವೊಂದನ್ನು ಫ್ರೆಂಚಿಗೆ ಅನುವಾದಿಸುವುದು. ಮೂಲದ ಮಾತುಗಳು ನೆನಪಿನಿಂದ ಅಳಿಸಿಹೋಗುವವರೆಗೆ ಅದನ್ನು ಬದಿಗಿಡುವುದು. ಅನಂತರ ತನ್ನ ಫ್ರೆಂಚನ್ನು ಪುನಃ ಲ್ಯಾಟಿನ್ನಿಗೆ ತಿರುಗಿಸಿ, ಸಿಸೆರೋನ ವಾಕ್ಯದ ಪಕ್ಕದಲ್ಲಿಟ್ಟು ತನ್ನ ಕೊರತೆಗಳನ್ನು ಗುರುತಿಸಿಕೊಳ್ಳುವುದು. ಹೀಗೆ ಸಿಸೆರೋನ ಸಮಗ್ರ ಬರಹಗಳನ್ನು ಓದುತ್ತ ಅವನು ಲ್ಯಾಟಿನ್ ಶೈಲಿಯ ಜೊತೆಗೆ ಗಣರಾಜ್ಯದ ಕೊನೆಯ ತಲೆಮಾರಿನ ಭಾಷೆಯನ್ನೂ ಕಲಿತನು. ಸೆನೆಟ್ಟು, ಕಾನ್ಸಲರು, ಜನತೆಯ ಟ್ರಿಬ್ಯೂನರು, ಪ್ರಾಂತ್ಯಗಳ ಅಧಿಪತಿಗಳು, ಇವರ ಅಧಿಕಾರದ ಮಿತಿಗಳೇನು ಎಂಬ ಚರ್ಚೆ ಜೀವಂತವಾಗಿದ್ದ ಕಾಲವದು. ಮೊಂಟೆಸ್ಕ್ಯೂನ ಗ್ರಂಥಗಳು ಈ ಸಂಸ್ಥೆಗಳ ಹಿಂದಿನ ಕಾರಣಗಳನ್ನು ಹುಡುಕುವುದನ್ನು ಕಲಿಸಿದವು. ಇದೇ ಊರಿನಲ್ಲಿ ಅವನು ಸುಸಾನ್ ಕುರ್ಶೋ ಎಂಬ ವಿದ್ಯಾವಂತ ಯುವತಿಯನ್ನು ಮೆಚ್ಚಿದನು. ತಂದೆ ಒಪ್ಪದ ಕಾರಣ ಸಂಬಂಧ ಮುರಿದುಬಿತ್ತು. ಆಕೆ ಮುಂದೆ ಫ್ರಾನ್ಸಿನ ಹಣಕಾಸು ಸಚಿವನಾದ ನೆಕ್ಕರ್‌ನ ಪತ್ನಿಯಾದಳು. ಗಿಬ್ಬನ್ ಅವಿವಾಹಿತನಾಗಿಯೇ ಉಳಿದನು.

1758ರಲ್ಲಿ ಸ್ವದೇಶಕ್ಕೆ ಮರಳಿದ ಗಿಬ್ಬನ್ ಇಪ್ಪತ್ತು ಪೌಂಡಿನ ನೋಟೊಂದನ್ನು ಕೊಟ್ಟು ಪ್ಯಾರಿಸಿನ ಶಾಸನ ಅಕಾಡೆಮಿಯ ಪ್ರಬಂಧಗಳ ಇಪ್ಪತ್ತು ಸಂಪುಟಗಳನ್ನು ಕೊಂಡುಕೊಂಡನು. ಆ ದಿನದ ಸಂತೋಷವನ್ನು ಅವನು ಬಹುಕಾಲ ಮರೆಯಲಿಲ್ಲ. 1760ರಿಂದ 1762ರವರೆಗೆ ಹ್ಯಾಂಪ್‌ಶೈರಿನ ನಾಡಪಡೆಯಲ್ಲಿ ಕ್ಯಾಪ್ಟನ್ ಆಗಿ ಊರಿಂದೂರಿಗೆ ಅಲೆದನು. ಪಡೆಯ ವ್ಯೂಹ, ಶಿಸ್ತು, ಬೇಸರ ಇವುಗಳ ಅನುಭವ ರೋಮನ್ ಸೇನಾದಳಗಳನ್ನು ವರ್ಣಿಸುವಾಗ ತನಗೆ ನೆರವಾಯಿತೆಂದು ಅವನು ಒಪ್ಪಿಕೊಂಡಿದ್ದಾನೆ. ಇಟಲಿಗೆ ಹೊರಡುವ ಮುನ್ನ ಲೊಸಾನಿನಲ್ಲಿ ಮತ್ತೆ ತಿಂಗಳುಗಟ್ಟಲೆ ಕುಳಿತು ಪ್ರಾಚೀನ ಇಟಲಿಯ ಭೂಗೋಳ, ರಸ್ತೆಗಳು, ನಾಣ್ಯಗಳು ಇವುಗಳನ್ನು ಅಭ್ಯಾಸ ಮಾಡಿದನು. 1764ರ ಅಕ್ಟೋಬರಿನಲ್ಲಿ ರೋಮನ್ನು ತಲುಪಿದನು. ಕ್ಯಾಪಿಟಲ್ ಬೆಟ್ಟದ ಅವಶೇಷಗಳ ನಡುವೆ ಕುಳಿತು, ಒಂದು ಕಾಲದ ದೇವಾಲಯದಲ್ಲಿ ಬರಿಗಾಲಿನ ಸನ್ಯಾಸಿಗಳು ಹಾಡುತ್ತಿದ್ದ ಸಂಧ್ಯಾಪ್ರಾರ್ಥನೆಯನ್ನು ಕೇಳುತ್ತಿದ್ದಾಗ ಈ ಚರಿತ್ರೆಯನ್ನು ಬರೆಯುವ ಕಲ್ಪನೆ ಹುಟ್ಟಿತೆಂದು ಆತ್ಮಕಥನ ಹೇಳುತ್ತದೆ. ಬಹುಕಾಲದ ಮೇಲೆ ಬರೆದ ಈ ಚಿತ್ರಕ್ಕೆ ಸ್ಮೃತಿಯ ಒಪ್ಪ ಬಿದ್ದಿರಬಹುದು. ಆಗ ಅವನ ಮನಸ್ಸಿನಲ್ಲಿದ್ದುದು ನಗರದ ಕ್ಷಯದ ಕಥೆ ಮಾತ್ರ. ಸಾಮ್ರಾಜ್ಯದ ಕಥೆ ವರ್ಷಗಳ ಓದಿನಿಂದ ಬೆಳೆಯಿತು.

1770ರಲ್ಲಿ ತಂದೆ ತೀರಿಕೊಂಡ ಮೇಲೆ ಗಿಬ್ಬನ್ ಲಂಡನ್ನಿನಲ್ಲಿ ಮನೆ ಮಾಡಿ ಬರವಣಿಗೆಗೆ ತೊಡಗಿದನು. ಕಾಲಾನುಕ್ರಮಕ್ಕೆ ಟಿಯೆಮೊನ ಗ್ರಂಥಗಳನ್ನೂ, ಆಡಳಿತದ ಸ್ವರೂಪಕ್ಕೆ ಗೊಡೆಫ್ರಾಯ್‌ನ ವ್ಯಾಖ್ಯಾನಸಹಿತವಾದ ಥಿಯೊಡೋಸಿಯನ್ ಸಂಹಿತೆಯನ್ನೂ ಆಧಾರವಾಗಿಟ್ಟುಕೊಂಡನು. ಧ್ವನಿ ಸರಿಹೊಂದುವವರೆಗೆ ಮೊದಲ ಅಧ್ಯಾಯವನ್ನು ಮೂರು ಸಲ, ಎರಡನೆಯದನ್ನೂ ಮೂರನೆಯದನ್ನೂ ಎರಡೆರಡು ಸಲ ಬರೆದನು. 1776ರ ಫೆಬ್ರವರಿಯಲ್ಲಿ ಪ್ರಥಮ ಸಂಪುಟ ಹೊರಬಂದಿತು. ಐನೂರು ಪ್ರತಿಗಳೆಂದು ಮೊದಲು ಯೋಚಿಸಿದ್ದನ್ನು ಮುದ್ರಕ ಸ್ಟ್ರಾಹನ್ ಸಾವಿರಕ್ಕೆ ಏರಿಸಿದ್ದನು. ಅವೂ ಕೆಲವೇ ದಿನಗಳಲ್ಲಿ ಮುಗಿದವು.

ಆ ಸಂಪುಟದ ಮೂರನೆಯ ಅಧ್ಯಾಯ ರೋಮಿನ ರಾಜ್ಯಾಂಗವನ್ನು ಕುರಿತದ್ದು. ಗ್ರಂಥದ ತಿರುಳು ಅಲ್ಲಿದೆಯೆಂದು ಹೇಳಬಹುದು. ಅಂತರ್ಯುದ್ಧಗಳನ್ನು ಗೆದ್ದ ಅಗಸ್ಟಸ್ ರಾಜನೆಂಬ ಹೆಸರನ್ನು ಧರಿಸಲಿಲ್ಲ. ಕ್ರಿ.ಪೂ. 27ರಲ್ಲಿ ಅಧಿಕಾರವನ್ನು ಸೆನೆಟ್ಟಿಗೆ ಒಪ್ಪಿಸುವಂತೆ ನಟಿಸಿ, ಸೈನ್ಯವಿದ್ದ ಪ್ರಾಂತ್ಯಗಳನ್ನು ಹತ್ತು ವರ್ಷಗಳ ಅವಧಿಗೆಂದು ಮರಳಿ ಪಡೆದನು. ಅವಧಿ ಮುಗಿದಂತೆಲ್ಲ ಅದು ನವೀಕರಣಗೊಂಡಿತು. ಗಣರಾಜ್ಯವು ಬೇರೆ ಬೇರೆ ಕೈಗಳಲ್ಲಿ, ಒಂದೊಂದು ವರ್ಷಕ್ಕೆ ಹಂಚಿದ್ದ ಅಧಿಕಾರಗಳು ಒಬ್ಬನಲ್ಲಿಯೇ, ಜೀವಾವಧಿಗೆ ಸೇರಿಕೊಂಡವು. ಟ್ರಿಬ್ಯೂನನ ಅಧಿಕಾರ ಅವನಿಗೆ ನಿಷೇಧದ ಹಕ್ಕನ್ನೂ ದೇಹದ ಪಾವಿತ್ರ್ಯವನ್ನೂ ಕೊಟ್ಟಿತು. ಕಾನ್ಸಲರು ಪ್ರತಿವರ್ಷ ನೇಮಕವಾಗುತ್ತಿದ್ದರು. ಸೆನೆಟ್ಟು ಸೇರುತ್ತಿತ್ತು, ಚರ್ಚಿಸುತ್ತಿತ್ತು, ನಿರ್ಣಯಗಳನ್ನು ಅಂಗೀಕರಿಸುತ್ತಿತ್ತು. ಹಳೆಯ ಹೆಸರುಗಳು ಉಳಿದವು. ಅವುಗಳೊಳಗಿನ ಸತ್ತ್ವ ಹೋಯಿತು. ಜನರು ಹೆಸರುಗಳಿಗೆ ತೃಪ್ತರಾಗುತ್ತಾರೆಂಬುದನ್ನು ಅಗಸ್ಟಸ್ ಅರಿತಿದ್ದನು ಎಂಬುದೇ ಗಿಬ್ಬನ್‌ನ ವಿಶ್ಲೇಷಣೆಯ ಸಾರ.

ಈ ವ್ಯವಸ್ಥೆಯ ದೌರ್ಬಲ್ಯ ಒಳ್ಳೆಯ ಚಕ್ರವರ್ತಿಗಳ ಕಾಲದಲ್ಲಿ ಕಾಣಲಿಲ್ಲ. 96ರಿಂದ 180ರವರೆಗಿನ ಕಾಲವನ್ನು ಮಾನವಕುಲದ ಅತ್ಯಂತ ಸುಖದ ಕಾಲವೆಂದು ಗಿಬ್ಬನ್ ಬಣ್ಣಿಸಿದನು. ಆದರೆ ಆ ಸುಖವೆಲ್ಲ ಒಬ್ಬ ವ್ಯಕ್ತಿಯ ಶೀಲವನ್ನು ಅವಲಂಬಿಸಿತ್ತು; ದುಷ್ಟನೊಬ್ಬ ಬಂದಾಗ ತಡೆಯಬಲ್ಲ ಸಂಸ್ಥೆ ಯಾವುದೂ ಉಳಿದಿರಲಿಲ್ಲ. 193ರಲ್ಲಿ ಪ್ರೀಟೋರಿಯನ್ ಕಾವಲುಪಡೆ ಚಕ್ರವರ್ತಿಯನ್ನು ಕೊಂದು ಸಿಂಹಾಸನವನ್ನೇ ಹರಾಜಿಗಿಟ್ಟಿತು. ಹೆಚ್ಚು ಬೆಲೆ ಕೂಗಿದ ಡಿಡಿಯಸ್ ಜೂಲಿಯಾನಸ್ ಸುಮಾರು ಎರಡು ತಿಂಗಳು ಆಳಿ ಹತನಾದನು. 212ರಲ್ಲಿ ಕ್ಯಾರಕಲ್ಲಾ ಸಾಮ್ರಾಜ್ಯದ ಬಹುತೇಕ ಎಲ್ಲ ಸ್ವತಂತ್ರ ಪ್ರಜೆಗಳಿಗೂ ಪೌರತ್ವವನ್ನು ನೀಡಿದುದರಲ್ಲಿ ಗಿಬ್ಬನ್ ತೆರಿಗೆಯ ಆಸೆಯನ್ನು ಕಂಡನು. 284ರಲ್ಲಿ ಪಟ್ಟವೇರಿದ ಡಯೊಕ್ಲೀಶಿಯನ್ ಆಳ್ವಿಕೆಯನ್ನು ನಾಲ್ವರಲ್ಲಿ ಹಂಚಿ, ಆಸ್ಥಾನದ ಆಡಂಬರವನ್ನು ಹೆಚ್ಚಿಸಿದಾಗ ಗಣರಾಜ್ಯದ ಮುಸುಕೂ ಕಳಚಿಬಿದ್ದಿತು. 376ರಲ್ಲಿ ಗಾಥರು ಡ್ಯಾನ್ಯೂಬನ್ನು ದಾಟಿದುದು, 410ರಲ್ಲಿ ರೋಮು ಲೂಟಿಯಾದುದು, 476ರಲ್ಲಿ ಪಶ್ಚಿಮದ ಕೊನೆಯ ಚಕ್ರವರ್ತಿಯನ್ನು ಒಡೊಯಾಸರ್ ಕೆಳಗಿಳಿಸಿದುದು, ಇವೆಲ್ಲ ಒಳಗೆ ಟೊಳ್ಳಾದ ಮರಕ್ಕೆ ತಗುಲಿದ ಗಾಳಿಯ ಪೆಟ್ಟುಗಳಂತೆ ಅವನ ಕಥನದಲ್ಲಿ ಬರುತ್ತವೆ. ತನ್ನ ಅತಿಯಾದ ಗಾತ್ರವನ್ನು ತಾನೇ ಹೊರಲಾರದೆ ಸಾಮ್ರಾಜ್ಯ ಕುಸಿಯಿತೆಂಬುದು ಅವನ ಒಟ್ಟು ನಿಲುವು.

ಇದನ್ನು ಬರೆಯುತ್ತಿದ್ದಾಗ ಗಿಬ್ಬನ್ ಸ್ವತಃ ಒಂದು ಶಾಸನಸಭೆಯ ಸದಸ್ಯನಾಗಿದ್ದನೆಂಬುದು ಅವನ ಬಾಳಿನ ಅತ್ಯಂತ ವಿಚಾರಣೀಯ ಸಂಗತಿ. 1774ರಲ್ಲಿ ಬಂಧುವೊಬ್ಬನ ಕೃಪೆಯಿಂದ ಲಿಸ್ಕರ್ಡ್ ಕ್ಷೇತ್ರದ ಮೂಲಕ ಕಾಮನ್ಸ್ ಸಭೆಯನ್ನು ಪ್ರವೇಶಿಸಿದನು. ಅಮೆರಿಕದ ವಸಾಹತುಗಳು ಕೈಬಿಡುತ್ತಿದ್ದ ಕಾಲವದು. ಲಾರ್ಡ್ ನಾರ್ತ್‌ನ ನೀತಿಯ ಬಗ್ಗೆ ಗಿಬ್ಬನ್‌ನಿಗೆ ಖಾಸಗಿಯಾಗಿ ಸಂಶಯಗಳಿದ್ದವು. ಆದರೂ ಮತವನ್ನು ಸಾಮಾನ್ಯವಾಗಿ ಸರ್ಕಾರಕ್ಕೇ ಕೊಟ್ಟನು. ಸಭೆಯಲ್ಲಿ ಒಮ್ಮೆಯೂ ಬಾಯಿ ತೆರೆಯಲಿಲ್ಲ. 1779ರಲ್ಲಿ ವ್ಯಾಪಾರ ಮಂಡಳಿಯ ಸದಸ್ಯತ್ವ ದೊರೆಯಿತು. ಕೆಲಸ ಅತ್ಯಲ್ಪ, ಸಂಬಳ ವರ್ಷಕ್ಕೆ ಏಳುನೂರು ಪೌಂಡಿಗೂ ಹೆಚ್ಚು. ಬ್ರಿಟನ್ನಿನ ಪತನವನ್ನೂ ಅವನು ಬರೆದಾನೆಂದು ಹೆದರಿ ದೊರೆ ಈ ಹುದ್ದೆ ಕೊಟ್ಟನೆಂಬ ವಿಡಂಬನಾ ಪದ್ಯವೊಂದು ಲಂಡನ್ನಿನಲ್ಲಿ ಹರಿದಾಡಿತು. 1780ರಲ್ಲಿ ಎಡ್ಮಂಡ್ ಬರ್ಕ್ ಇಂಥ ನಿರರ್ಥಕ ಹುದ್ದೆಗಳನ್ನು ಸಭೆಯಲ್ಲಿ ಗೇಲಿ ಮಾಡಿದಾಗ ಗಿಬ್ಬನ್ ಕುಳಿತು ಕೇಳಿದನು. ಆ ವಾಗ್ಮಿತೆಯನ್ನು ಸವಿದೆನೆಂದು ಮುಂದೆ ಮುಚ್ಚುಮರೆಯಿಲ್ಲದೆ ಬರೆದನು. 1782ರಲ್ಲಿ ಮಂಡಳಿಯೇ ರದ್ದಾಯಿತು.

ಸೆನೆಟ್ಟಿನ ಗೌರವವನ್ನು ಅನುಗ್ರಹ, ಭಯ, ಸಂಬಳ ಇವು ಹೇಗೆ ತಿಂದುಹಾಕಿದವೆಂಬುದನ್ನು ಅಷ್ಟು ಸ್ಪಷ್ಟವಾಗಿ ಕಂಡವನು ತನ್ನ ಸಭೆಯಲ್ಲಿ ಮೌನವಾಗಿದ್ದುದನ್ನು ಹೇಗೆ ಅರ್ಥಮಾಡಿಕೊಳ್ಳಬೇಕು? ಅವನು ಸಂಕೋಚ ಸ್ವಭಾವದವನಾಗಿದ್ದನು. ಮಹಾವಾಗ್ಮಿಗಳ ನಡುವೆ ಧೈರ್ಯ ಸಾಲದೆ ಹೋಯಿತೆಂದು ಅವನೇ ಒಪ್ಪಿದ್ದಾನೆ. ಹಣದ ಅಗತ್ಯವೂ ಇತ್ತು. ಈ ಕಾರಣಗಳು ನಿಜ. ಆದರೆ ಇವು ಅವನನ್ನು ಸಂಪೂರ್ಣವಾಗಿ ಸಮರ್ಥಿಸಲಾರವು. ಪಾರ್ಲಿಮೆಂಟಿನ ವರ್ಷಗಳನ್ನು ಅವನು ಚರಿತ್ರಕಾರನಿಗೆ ಬೇಕಾದ ಲೋಕವಿವೇಕದ ಪಾಠಶಾಲೆಯೆಂದು ಎಣಿಸಿದನು. ಸಂಸ್ಥೆಗಳು ಕ್ಷೀಣಿಸುವುದು ದುಷ್ಟರಿಂದ ಮಾತ್ರವಲ್ಲ, ಸುಮ್ಮನಿರುವ ಸಜ್ಜನರಿಂದಲೂ ಎಂಬುದಕ್ಕೆ ಅವನ ಪೀಠವೇ ಒಂದು ನಿದರ್ಶನವಾಗಿತ್ತು.

1781ರಲ್ಲಿ ಎರಡನೆಯ ಮತ್ತು ಮೂರನೆಯ ಸಂಪುಟಗಳು ಪ್ರಕಟವಾದವು. 1783ರಲ್ಲಿ ಗಿಬ್ಬನ್ ಲಂಡನ್ನನ್ನು ತೊರೆದು ಲೊಸಾನಿನಲ್ಲಿ ಗೆಳೆಯ ಡೇವೆರ್ಡನ್‌ನ ಮನೆಯಲ್ಲಿ ನೆಲೆಸಿದನು. 1787ರ ಜೂನ್ 27ರ ರಾತ್ರಿ ಹನ್ನೊಂದರಿಂದ ಹನ್ನೆರಡು ಗಂಟೆಯ ನಡುವೆ, ತೋಟದ ಚಿಕ್ಕ ಮನೆಯಲ್ಲಿ ಕೊನೆಯ ವಾಕ್ಯವನ್ನು ಬರೆದನು. ಬಿಡುಗಡೆಯ ಆನಂದದ ಬೆನ್ನಿಗೇ, ಬಹುಕಾಲದ ಸಂಗಾತಿಯನ್ನು ಅಗಲಿದ ವಿಷಾದ ಅವನನ್ನು ಆವರಿಸಿತು. ಕೊನೆಯ ಮೂರು ಸಂಪುಟಗಳು 1788ರ ಮೇ 8ರಂದು, ಅವನ ಐವತ್ತೊಂದನೆಯ ಹುಟ್ಟುಹಬ್ಬದಂದು ಹೊರಬಂದವು.

ಅದೇ ವರ್ಷ ವೆಸ್ಟ್‌ಮಿನ್‌ಸ್ಟರ್ ಸಭಾಂಗಣದಲ್ಲಿ ವಾರನ್ ಹೇಸ್ಟಿಂಗ್ಸ್‌ನ ವಿಚಾರಣೆ ನಡೆಯುತ್ತಿತ್ತು. ಜೂನಿನಲ್ಲಿ ಶೆರಿಡನ್ ಅವಧದ ಬೇಗಮರಿಗೆ ಆದ ಅನ್ಯಾಯವನ್ನು ವರ್ಣಿಸುತ್ತ, ಅಂಥ ಕೃತ್ಯಗಳಿಗೆ ಟ್ಯಾಸಿಟಸ್‌ನಲ್ಲಾಗಲಿ ಗಿಬ್ಬನ್‌ನಲ್ಲಾಗಲಿ ಸಾಟಿಯಿಲ್ಲವೆಂಬ ಅಭಿಪ್ರಾಯವನ್ನು ಮುಂದಿಟ್ಟನು. ಗಿಬ್ಬನ್ ಅಲ್ಲಿಯೇ ಕುಳಿತಿದ್ದನು. ಭಾರತದಲ್ಲಿ ಕಂಪನಿಯ ಅಧಿಕಾರಿ ನಡೆಸಿದ ಆಳ್ವಿಕೆಯನ್ನು ಅಳೆಯಲು ರೋಮಿನ ಚರಿತ್ರೆ ಹೀಗೆ ಮಾನದಂಡವಾಯಿತು. ಹೇಸ್ಟಿಂಗ್ಸ್ 1795ರಲ್ಲಿ ದೋಷಮುಕ್ತನಾದನು. ಅಳತೆಗೋಲು ಮಾತ್ರ ಉಳಿಯಿತು.

1789ರಲ್ಲಿ ಡೇವೆರ್ಡನ್ ತೀರಿಕೊಂಡನು. ಆತ್ಮಕಥನವನ್ನು ಆರು ಕರಡುಗಳಲ್ಲಿ ಬರೆದರೂ ಗಿಬ್ಬನ್ ಅದನ್ನು ಮುಗಿಸಲಿಲ್ಲ. 1793ರಲ್ಲಿ, ಗೆಳೆಯ ಲಾರ್ಡ್ ಶೆಫೀಲ್ಡ್‌ನ ಪತ್ನಿ ನಿಧನಳಾದ ಸುದ್ದಿ ತಿಳಿದು, ಯುದ್ಧದ ನಡುವೆಯೇ ಯೂರೋಪನ್ನು ಹಾದು ಅವನನ್ನು ಸಂತೈಸಲು ಧಾವಿಸಿದನು. 1794ರ ಜನವರಿ 16ರಂದು ಲಂಡನ್ನಿನಲ್ಲಿ ಮರಣಹೊಂದಿದನು. ಸಸೆಕ್ಸಿನ ಫ್ಲೆಚಿಂಗ್ ಗ್ರಾಮದ ಚರ್ಚಿನಲ್ಲಿ ಅವನ ಸಮಾಧಿಯಿದೆ.

ಗಿಬ್ಬನ್‌ನ ತೀರ್ಮಾನಗಳೆಲ್ಲ ಇಂದು ನಿಲ್ಲುವುದಿಲ್ಲ. ಕ್ರೈಸ್ತಮತದ ಹರಡುವಿಕೆಯನ್ನು ಲೌಕಿಕ ಕಾರಣಗಳಿಂದ ವಿವರಿಸಿದ ಹದಿನೈದು ಮತ್ತು ಹದಿನಾರನೆಯ ಅಧ್ಯಾಯಗಳು ಅವನ ಕಾಲದಲ್ಲಿಯೇ ಟೀಕೆಗೆ ಒಳಗಾದವು. ಬೈಜಾಂಟಿಯಮ್ಮಿನ ಸಾವಿರ ವರ್ಷಗಳನ್ನು ಅವನು ತಿರಸ್ಕಾರದಿಂದ ಕಂಡುದು ತಪ್ಪೆಂದು ತರುವಾಯದ ವಿದ್ವಾಂಸರು ತೋರಿಸಿದ್ದಾರೆ. 1971ರಲ್ಲಿ ಪೀಟರ್ ಬ್ರೌನ್‌ನ ಗ್ರಂಥ ಬಂದ ಮೇಲೆ ಆ ಯುಗವನ್ನು ಅವನತಿಗಿಂತ ರೂಪಾಂತರವೆಂದು ನೋಡುವ ದೃಷ್ಟಿ ಬಲಗೊಂಡಿತು. ಗುಲಾಮರ, ರೈತರ ಬದುಕಿನ ಬಗೆಗೆ ಗಿಬ್ಬನ್ ಹೇಳುವುದು ಅತ್ಯಲ್ಪ. ಅವರಿಗೆ ಆಂಟೊನೈನರ ಸುವರ್ಣಯುಗ ಎಷ್ಟು ಸುಖದ್ದಾಗಿತ್ತೆಂಬ ಪ್ರಶ್ನೆಯನ್ನು ಅವನು ಎತ್ತಲಿಲ್ಲ.

ಆದರೂ ಅವನಿಂದ ಕಲಿಯಬೇಕಾದುದು ಬಹಳವಿದೆ. ಪ್ರತಿಯೊಂದು ಹೇಳಿಕೆಗೂ ಆಧಾರವನ್ನು ಪುಟದ ಅಡಿಯಲ್ಲಿ ತೋರಿಸಿ, ಓದುಗನೇ ಪರೀಕ್ಷಿಸಲು ಬಿಟ್ಟ ಪ್ರಾಮಾಣಿಕತೆ ಒಂದು. ವಿದ್ವತ್ತನ್ನೂ ಕಥನವನ್ನೂ ಬೇರ್ಪಡಿಸದ ಗದ್ಯ ಇನ್ನೊಂದು. ಇವೆರಡಕ್ಕಿಂತ ಮಿಗಿಲಾದುದು ಅವನು ಉಳಿಸಿಹೋದ ಪ್ರಶ್ನೆ: ಸಭೆ ಸೇರುತ್ತಿದೆ, ಪದವಿಗಳು ತುಂಬುತ್ತಿವೆ, ನಿರ್ಣಯಗಳು ಅಂಗೀಕಾರವಾಗುತ್ತಿವೆ ಎಂದಮಾತ್ರಕ್ಕೆ ರಾಜ್ಯಾಂಗ ಬದುಕಿದೆಯೆಂದು ನಂಬಬಹುದೇ? ರೋಮನ್ನು ಓದುವ ವಿದ್ಯಾರ್ಥಿಗೆ ಆ ಪ್ರಶ್ನೆಯನ್ನು ಗಿಬ್ಬನ್‌ನ ಗ್ರಂಥ ಕಲಿಸುತ್ತದೆ; ಅದಕ್ಕೆ ಉತ್ತರಿಸುವುದು ಎಷ್ಟು ಕಷ್ಟವೆಂಬುದನ್ನು ಅವನ ಬಾಳು ಕಲಿಸುತ್ತದೆ.